ಸ್ಟೆತ್ ಇಟ್ಟರೆ ಎಲ್ಲರ ಎದೆಯಲ್ಲೂ ಕರಕರ ಸದ್ದು, ಯಾಕೆ?

ಪ್ರಶ್ನೆ: ನರ್ಸಿಂಗ್ ವಿದ್ಯಾರ್ಥಿನಿ, ಸಿಂಧನೂರು
ನಮಸ್ಕಾರ್ರೀ. ಪಿಎಚ್‌ಸಿಯಾಗ (ಪ್ರಾಥಮಿಕ ಆರೋಗ್ಯ ಕೇಂದ್ರದಾಗ) ಪೋಸ್ಟಿಂಗ್ ನಡದದ. ಗಂಡಸರ ಎದಿ ಮ್ಯಾಲ ಸ್ಟೆತ್ ಇಟ್ರ ಬಹಳ ಮಂದಿಗೆ ಕ್ರ್ಯಾಕಲ್ಸ್ (ಕರಕರ ಸದ್ದು) ಕೇಳ್ತದ, ಆದ್ರ ಅವರಿಗೆ ಕೆಮ್ಮಿಲ್ಲ, ಜ್ವರ ಇಲ್ಲ. ಬೆನ್ನಾಗ ಎರಡೂ ಹೆಗಲ ಮೂಳಿ ನಡುವ ಉಸಿರು ಜೋರು, ಕೆಳಗ ಮೆತ್ತಗ. ಇದು ರೋಗ ಏನ್ರೀ?

ಉತ್ತರ: ಸ್ಟಾಫ್ ನರ್ಸ್, ರಾಯಚೂರು
ಅಂಗಿ ತೆಗಿಸಿ ಕೇಳು ತಂಗಿ. ಎದೆಗೂದಲು ಸ್ಟೆತ್‌ನ ಡಯಾಫ್ರಮ್‌ಗೆ (ಎದೆಗೆ ಒತ್ತುವ ಚಪ್ಪಟೆ ಬಿಲ್ಲೆಗೆ) ಉಜ್ಜಿದರೆ ಥೇಟ್ ಕ್ರ್ಯಾಕಲ್ಸ್ ಆಗಿಯೇ ಕೇಳುತ್ತೆ. ಒದ್ದೆ ಹತ್ತಿಯಿಂದ ಕೂದಲು ತೇವ ಮಾಡಿ, ಗಟ್ಟಿಯಾಗಿ ಒತ್ತಿ ಹಿಡಿ. ಬಾಯಿ ತೆರೆದು ನಿಧಾನಕ್ಕೆ ಉಸಿರಾಡಲು ಹೇಳು. ತಲೆ ಸುತ್ತಿದರೆ ಬಿಡುವು ಕೊಡು.

ಹೆಗಲ ಮೂಳೆಗಳ ನಡುವೆ ಜೋರಾಗಿ ಕೇಳುವುದು ಸಹಜ. ಅಲ್ಲಿ ದೊಡ್ಡ ಶ್ವಾಸನಾಳಗಳು ಹತ್ತಿರ ಇರ್ತಾವೆ, ಉಸಿರು ಎಳೆಯುವುದೂ ಬಿಡುವುದೂ ಹೆಚ್ಚುಕಡಿಮೆ ಸಮ. ಶ್ವಾಸಕೋಶದ ಅಂಚಿನಲ್ಲಿ ಕೇಳುವ ಸಹಜ ಸದ್ದಿಗೆ ವೆಸಿಕ್ಯುಲರ್ ಅಂತಾರೆ: ಮೆತ್ತಗೆ, ಎಳೆಯುವಾಗ ಉದ್ದ, ಬಿಡುವಾಗ ಬೇಗ ಕರಗುತ್ತೆ. ಗಂಟಲ ಕೆಳಗಿನ ಶ್ವಾಸನಾಳದ ಮೇಲೆ ಒರಟು ಬ್ರಾಂಕಿಯಲ್ ಸದ್ದು. ಅದೇ ಒರಟು ಸದ್ದು ಶ್ವಾಸಕೋಶದ ತಳದಲ್ಲಿ ಕೇಳಿದರೆ ಎಚ್ಚರ. ಗಾಳಿ ತುಂಬಿದ ಶ್ವಾಸಕೋಶ ಸದ್ದನ್ನು ಸೋಸಿಬಿಡುತ್ತೆ. ನ್ಯುಮೋನಿಯಾದಿಂದ ಗಟ್ಟಿಯಾದದ್ದು ನೇರ ದಾಟಿಸುತ್ತೆ.

ಸದ್ದಿಗೆ ಹೆಸರಿಡುವ ಅವಸರ ಬೇಡ. ಮೇಲಿಂದ ಕೆಳಕ್ಕೆ, ಒಂದೇ ಮಟ್ಟದಲ್ಲಿ ಎಡ-ಬಲ ಹೋಲಿಸುತ್ತಾ ಬಾ. ಎರಡೂ ಕಡೆ ಒಂದೇ ಇದೆಯಾ, ಎಳೆಯುವಾಗಲಾ ಬಿಡುವಾಗಲಾ, ಇಷ್ಟು ಬರೆದುಕೊಂಡರೆ ಹೆಸರು ತಾನೇ ಸಿಗುತ್ತೆ.

ಪ್ರಶ್ನೆ ಕೇಳಿದವರು:
ಕೂದಲು ತೇವ ಮಾಡಿದ ಮ್ಯಾಲ ಕರಕರ ಹೋತು ಅಕ್ಕಾ! ಆದ್ರ ಹತ್ತಿ ಜಿನ್ನಿಂಗ್ ಮಿಲ್ಲಿನ ಕಾಕಾ ಒಬ್ಬರಿಗೆ ಉಸಿರು ಬಿಡುವಾಗ ಎರಡೂ ಕಡೆ ಪೀಂ ಅಂತದ, ಬಲಗಡೆ ತಳದಾಗ ಏನೂ ಕೇಳವಲ್ದು.

ಉತ್ತರ: ಸ್ಟಾಫ್ ನರ್ಸ್, ರಾಯಚೂರು
ಪೀಂ ಅನ್ನುವುದು ವೀಜ್, ನಾಳ ಕಿರಿದಾಗಿದೆ. ಅಸ್ತಮಾ ಅಥವಾ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ರೋಗ) ಇರಬಹುದು. ವಾರದ ರಜೆ ಮುಗಿಸಿ ಮಿಲ್ಲಿಗೆ ಹೋದ ಮೊದಲ ದಿನ ಎದೆ ಬಿಗಿತ ಹೆಚ್ಚಾಗುತ್ತಾ ಕೇಳು. ಹತ್ತಿ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಬಿಸಿನೋಸಿಸ್ ಹಾಗೇ ಶುರುವಾಗುತ್ತೆ.

ನನಗೆ ಹೆಚ್ಚು ಚಿಂತೆ ಆ ಸದ್ದಿಲ್ಲದ ಬಲಗಡೆಯದು. ಬೆರಳಿಂದ ತಟ್ಟಿ ನೋಡು: ಮಂಕಾಗಿ ಬಂದರೆ ನೀರು ತುಂಬಿರಬಹುದು, ಡಬಡಬ ಅಂದರೆ ಶ್ವಾಸಕೋಶದ ಹೊರಗೆ ಗಾಳಿ ಸೇರಿರಬಹುದು. ಇವತ್ತೇ ಡಾಕ್ಟರಿಗೆ ತೋರಿಸಿ ಎಕ್ಸ್‌ರೇ ಮಾಡಿಸು. ಏದುಸಿರು ಬಿಡುತ್ತಿರುವ ಅಸ್ತಮಾ ರೋಗಿಯಲ್ಲಿ ವೀಜ್ ನಿಂತುಹೋದರೆ ಗುಣವಾಯಿತು ಅಂದುಕೊಳ್ಳಬೇಡ, ಗಾಳಿಯೇ ಓಡಾಡುತ್ತಿಲ್ಲ ಅಂತ ಅರ್ಥ. ಆಕ್ಸಿಜನ್, ಆಂಬುಲೆನ್ಸ್ ಕೂಡಲೇ.

ಉತ್ತರ: ಸಮುದಾಯ ಆರೋಗ್ಯ ಅಧಿಕಾರಿ, ಕುಷ್ಟಗಿ
ಒಂದು ಮಾತು ಸೇರಿಸ್ತೀನ್ರೀ. ಕ್ರ್ಯಾಕಲ್ಸ್ ಕೇಳಿದ್ರ ಕೆಮ್ಮಿಸಿ ಮತ್ತ ಕೇಳ್ರಿ. ಕಫದ ದಪ್ಪ ಸದ್ದು ಬದಲಾಗ್ತೈತಿ. ಹೃದಯದ ತೊಂದರೆ, ಫೈಬ್ರೋಸಿಸ್‌ನ (ಶ್ವಾಸಕೋಶ ಗಾಯಗಟ್ಟಿ ಬಿರುಸಾಗೋದು) ಸಣ್ಣ ಸದ್ದು ತಳದಾಗ ಹಂಗೇ ಉಳೀತೈತಿ. ನಮ್ಮ ಕಡೆ ಗ್ರಾನೈಟ್ ಕ್ವಾರಿ ಮಂದಿ ಬರ್ತಾರ. ಕಲ್ಲಿನ ಧೂಳಿನಿಂದ ಬರೋ ಸಿಲಿಕೋಸಿಸ್ ಶುರುವಿನಾಗ ಎದಿ ಪೂರಾ ಸ್ವಚ್ಛ ಕೇಳಬಹುದು, ಟಿಬಿಯೂ ಹಂಗ. ಎರಡು ವಾರ ಕೆಮ್ಮಿದ್ರ ಸ್ಟೆತ್ ಏನರ ಹೇಳಲಿ, ಕಫ ಪರೀಕ್ಷೆಗೆ ಕಳಸ್ರಿ.