ಎಂಟು ತಿಂಗಳ ಕೂಸಿಗೆ ನೆಗಡಿ: ಜೇನು, ಕರ್ಪೂರ, ಉಗಿ ಕೊಡಬಹುದಾ?

ಪ್ರಶ್ನೆ (ಮಾಳಮಡ್ಡಿ, ಧಾರವಾಡ): ನಮಸ್ಕಾರ ಡಾಕ್ಟ್ರೇ. ನಾಲ್ಕು ದಿನದಿಂದ ಜಿಟಿಜಿಟಿ ಮಳೆ, ಮನೆಯಲ್ಲಿ ಎಲ್ಲರಿಗೂ ನೆಗಡಿ. ಎಂಟು ತಿಂಗಳ ಮಗಳಿಗೂ ಮೂಗು ಕಟ್ಟಿದೆ, ಸ್ವಲ್ಪ ಕೆಮ್ಮು. ಜ್ವರ ಇಲ್ಲ. ಹಾಲು ಕುಡಿಯುವಾಗ ಬಿಟ್ಟು ಬಿಟ್ಟು ಅಳುತ್ತಾಳೆ. ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸೋಣ, ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಎದೆಗೆ ಹಚ್ಚೋಣ, ರಾತ್ರಿ ಉಗಿ ಹಿಡಿಸೋಣ ಅಂತಾರೆ ಅತ್ತೆ. ನಾಲ್ಕು ಮಕ್ಕಳನ್ನು ಹೀಗೇ ಬೆಳೆಸಿದವರು. ಬೇಡ ಅನ್ನಲು ಮನಸ್ಸಾಗುತ್ತಿಲ್ಲ, ಭಯವೂ ಇದೆ.

ಉತ್ತರ (ಮಕ್ಕಳ ಡಾಕ್ಟರ್, ಹುಬ್ಬಳ್ಳಿ): ನಮಸ್ಕಾರ ತಂಗಿ. ಅತ್ತೆಯವರಿಗೆ ಮೊಮ್ಮಗಳ ಮೇಲೆ ಜೀವ, ಅದಕ್ಕೇ ಹೇಳುತ್ತಿದ್ದಾರೆ. ಆದರೆ ಈ ಮೂರೂ ಈ ವಯಸ್ಸಿಗೆ ಬೇಡ. ಯಾಕೆ ಅಂತ ಬಿಡಿಸಿ ಬರೆಯುತ್ತೇನೆ, ಅವರಿಗೂ ಓದಿ ಹೇಳಿ.

ಒಂದು ವರ್ಷ ತುಂಬುವ ತನಕ ಜೇನುತುಪ್ಪ ಒಂದು ಹನಿಯೂ ಬೇಡ. ಅದರಲ್ಲಿ ಕೆಲವೊಮ್ಮೆ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣು ಇರುತ್ತದೆ. ನಮ್ಮ ಹೊಟ್ಟೆ ಅದನ್ನು ತಡೆಯುತ್ತದೆ, ಕೂಸಿನ ಹೊಟ್ಟೆಗೆ ಆಗುವುದಿಲ್ಲ. ಅಲ್ಲಿ ಅದು ಬೆಳೆದು ವಿಷ ಬಿಡುತ್ತದೆ, ಕೂಸಿನ ಕೈಕಾಲು, ಕುತ್ತಿಗೆ ಸೋಲುತ್ತವೆ. ಮನೆಯಲ್ಲಿ ಕಾಯಿಸಿದರೂ ಬೀಜಾಣು ಸಾಯುವುದಿಲ್ಲ. ವರ್ಷ ದಾಟಿದ ಮೇಲೆ ರಾತ್ರಿ ಕೆಮ್ಮಿಗೆ ಅರ್ಧ ಚಮಚ ಜೇನು ನಾನೇ ಹೇಳುತ್ತೇನೆ. ಬಜೆಯೂ ಬೇಡ, ವಾಂತಿ ಶುರುವಾದರೆ ಕೂಸು ಸುಸ್ತಾಗುತ್ತದೆ.

ಕರ್ಪೂರ ಚರ್ಮದಿಂದಲೂ ಒಳಗೆ ಹೋಗುತ್ತದೆ. ಸ್ವಲ್ಪ ಬಾಯಿಗೆ ಹೋದರೂ ಸಣ್ಣ ಮಕ್ಕಳಿಗೆ ಫಿಟ್ಸ್ ಬರಬಹುದು. ದೇವರ ಮನೆಯ ಕರ್ಪೂರದ ಡಬ್ಬಿಯನ್ನೂ ಕೈಗೆ ಸಿಗದ ಹಾಗೆ ಮೇಲಿಡಿ.

ಇನ್ನು ಉಗಿ. ಒಂದು ಮಳೆಗಾಲದಲ್ಲಿ ಎರಡು ವರ್ಷದ ಹುಡುಗನನ್ನು ಚಾದರದಲ್ಲಿ ಸುತ್ತಿಕೊಂಡು ತಂದರು. ಉಗಿ ಹಿಡಿಸುವಾಗ ಕಾಲು ಒದ್ದು ಪಾತ್ರೆ ಮಗುಚಿತ್ತು. ತೊಡೆಯಿಂದ ಪಾದದ ತನಕ ಚರ್ಮ ಸುಲಿದಿತ್ತು. ಬಂದಿದ್ದು ಬರೀ ನೆಗಡಿ, ಮಲಗಿದ್ದು ಮೂರು ವಾರ. ಆ ತಾಯಿಯ ಮುಖ ಇನ್ನೂ ಕಣ್ಣ ಮುಂದಿದೆ.

ಹಾಗಾದರೆ ಮಾಡುವುದೇನು? ಮೆಡಿಕಲ್ ಶಾಪ್‌ನಲ್ಲಿ ಸಲೈನ್ ಮೂಗಿನ ಹನಿ ಕೇಳಿ, ಔಷಧಿ ಇಲ್ಲದ ಬರೀ ಉಪ್ಪುನೀರಿನದು. ಹಾಲು ಕುಡಿಸುವ ಮುನ್ನ ಒಂದೊಂದು ಹೊಳ್ಳೆಗೆ ಒಂದೆರಡು ಹನಿ ಹಾಕಿ. ಒಂದು ನಿಮಿಷ ಬಿಟ್ಟು, ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಆಮೇಲೆ ಕುಡಿಸಿ ನೋಡಿ, ಬಿಟ್ಟು ಬಿಟ್ಟು ಅಳುವುದು ಕಡಿಮೆ ಆಗುತ್ತದೆ. ಒಂದೇ ಸಲಕ್ಕೆ ಪೂರ್ತಿ ಕುಡಿಯದಿದ್ದರೆ ಸ್ವಲ್ಪ ಸ್ವಲ್ಪ ಮೇಲಿಂದ ಮೇಲೆ ಕುಡಿಸಿ. ಕೆಮ್ಮಿನ ಸಿರಪ್ ಬೇಡ. ಆ್ಯಂಟಿಬಯೋಟಿಕ್ ಕೂಡ ಬೇಡ, ನೆಗಡಿ ವೈರಸ್ಸಿನದು, ಅದಕ್ಕೆ ತಾಗುವುದಿಲ್ಲ.

ಪ್ರಶ್ನೆ (ರಾಣೆಬೆನ್ನೂರು): ಸರ್, ನಡುವೆ ಕೇಳುತ್ತಿದ್ದೇನೆ, ಬೇಸರ ಮಾಡ್ಕೋಬೇಡಿ. ನಮ್ಮ ಅಪ್ಪಗೆ 68, ಬಿಪಿ ಗುಳಿಗೆ ತಗೊಳ್ತಾರೆ. ನೆಗಡಿಗೆ ದಿನಾ ಜೇಷ್ಠಮಧು ಕಷಾಯ ಕುಡಿಯುತ್ತಿದ್ದಾರೆ. ತೊಂದರೆ ಇದೆಯಾ?

ಉತ್ತರ: ಇದೆ. ಇವತ್ತೇ ನಿಲ್ಲಿಸಿ. ಜೇಷ್ಠಮಧು ಬಿಪಿ ಏರಿಸುತ್ತದೆ, ಮೈಯಲ್ಲಿ ಪೊಟ್ಯಾಸಿಯಂ ಇಳಿಸುತ್ತದೆ. ಶುಂಠಿ, ತುಳಸಿ, ಎರಡು ಕಾಳು ಮೆಣಸು, ಚೂರು ಬೆಲ್ಲದ ಕಷಾಯ ದಿನಕ್ಕೆ ಎರಡು ಸಣ್ಣ ಲೋಟ ಸಾಕು. ವೈರಸ್ ಸಾಯುವುದಿಲ್ಲ, ಆದರೆ ಗಂಟಲಿಗೆ ಹಿತ. ಮೆಣಸು ಜಾಸ್ತಿ ಹಾಕಿದರೆ ಹೊಟ್ಟೆ ಉರಿಯುತ್ತದೆ. ಬೆಚ್ಚಗಿನ ಉಪ್ಪುನೀರಲ್ಲಿ ಗಂಟಲು ಮುಕ್ಕಳಿಸಲಿ. ಒಮ್ಮೆಲೇ ಜೋರು ಜ್ವರ, ಮೈಕೈ ನೋವು ಬಂದರೆ ಅದು ಫ್ಲೂ ಇರಬಹುದು. ಕಷಾಯ ಕುಡಿಯುತ್ತಾ ಕೂರಬೇಡಿ. ಫ್ಲೂ ಔಷಧಿ ಮೊದಲ 48 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಈ ವಯಸ್ಸಿನವರಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿ.

ಪ್ರಶ್ನೆ (ಮಾಳಮಡ್ಡಿ): ಡಾಕ್ಟ್ರೇ, ಹನಿ ಹಾಕಿದೆ. ಅರ್ಧ ಗಂಟೆ ಆರಾಮಾಗಿ ಕುಡಿದು ಮಲಗಿದಳು. ಅತ್ತೆ ಪಕ್ಕದಲ್ಲೇ ಇದ್ದಾರೆ, ದೊಡ್ಡಪತ್ರೆ ರಸನಾದ್ರೂ ಹಾಕಬಹುದಾ ಅಂತ ಕೇಳ್ತಿದ್ದಾರೆ. ಇದು ಎಷ್ಟು ದಿನ ಇರುತ್ತೆ?

ಉತ್ತರ: ಕೇಳಿ ಖುಷಿಯಾಯಿತು. ದೊಡ್ಡಪತ್ರೆ ರಸವೂ ಕೂಸಿಗೆ ಬೇಡ, ಅತ್ತೆಯವರು ತಮ್ಮ ನೆಗಡಿಗೆ ತಂಬುಳಿ ಮಾಡಿಕೊಂಡು ಉಣ್ಣಲಿ. ಕೂಸನ್ನು ಎತ್ತಿಕೊಳ್ಳುವ ಮುನ್ನ ಸೋಪು ಹಚ್ಚಿ ಕೈ ತೊಳೆಯಲಿ.

ನೆಗಡಿ ಏಳರಿಂದ ಹತ್ತು ದಿನ, ಕೆಮ್ಮು ಇನ್ನೂ ಸ್ವಲ್ಪ ದಿನ ಇರಬಹುದು. ಮಲಗಿದಾಗ ಅಂಗಿ ಎತ್ತಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 50 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ತುಟಿ ನೀಲಿ ಆದರೆ, ಹಾಲು ಬಿಟ್ಟರೆ, ರಾತ್ರಿ ಎಷ್ಟೇ ಹೊತ್ತಾಗಿರಲಿ ಆಸ್ಪತ್ರೆಗೆ ಬನ್ನಿ.