ಮೂಗಿನ ದುರ್ಮಾಂಸಕ್ಕೆ ಅಲರ್ಜಿಯೇ ಕಾರಣವೇ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾವು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುವವರು. ನಮ್ಮ ಅಣ್ಣನವರಿಗೆ 46 ವರ್ಷ. ಬಹಳ ಕಾಲದಿಂದ ಸೀನು, ಎರಡೂ ಕಡೆ ಮೂಗು ಕಟ್ಟುವುದು ಇದ್ದು, ಈಗ ವಾಸನೆಯೂ ಗೊತ್ತಾಗುತ್ತಿಲ್ಲ. ಮೂಗಿನ ದುರ್ಮಾಂಸಕ್ಕೆ ಒಮ್ಮೆ ಆಪರೇಷನ್ ಆಗಿದ್ದರೂ ಅದು ಮತ್ತೆ ಬೆಳೆದಿದೆ. ಗೂಡಿನ ಅಲರ್ಜಿಯಿಂದಲೇ ಹೀಗಾಗಿದೆ, ಕಸುಬು ಬಿಟ್ಟರೆ ತಾನೇ ಕರಗುತ್ತದೆ ಎಂದು ನೆಂಟರು ಹೇಳುತ್ತಿದ್ದಾರೆ. ಅಲರ್ಜಿ ಮಾತ್ರೆಯನ್ನು ದಿನವೂ ನುಂಗುತ್ತಾರೆ, ರಾತ್ರಿ ಮೂಗಿಗೆ ಡ್ರಾಪ್ಸ್ ಹಾಕಿಕೊಳ್ಳುತ್ತಾರೆ. ಕಸುಬು ಬಿಡಲೇಬೇಕೇ?

ಉತ್ತರ: ನಮಸ್ಕಾರ. ಇಷ್ಟರ ಮೇಲೆ ಕಸುಬು ಬಿಡುವ ತೀರ್ಮಾನಕ್ಕೆ ಬರಬೇಡಿ. ನೀವು ದುರ್ಮಾಂಸ ಎನ್ನುವ ಮೂಗಿನ ಪಾಲಿಪ್ ಎಂದರೆ, ಮೂಗಿನ ಸುತ್ತಲಿನ ಮೂಳೆಗಳಲ್ಲಿರುವ ಗಾಳಿ ತುಂಬಿದ ಪೊಳ್ಳುಗಳಾದ ಸೈನಸ್‌ಗಳ, ಅದರಲ್ಲೂ ಎರಡು ಕಣ್ಣುಗಳ ನಡುವೆ ಇರುವ ಸಣ್ಣ ಸೈನಸ್‌ಗಳ ಲೋಳೆಪೊರೆಯು ದೀರ್ಘಕಾಲದ ಉರಿಯೂತದಿಂದ ನೀರು ತುಂಬಿಕೊಂಡು, ಸಿಪ್ಪೆ ಸುಲಿದ ದ್ರಾಕ್ಷಿಯಂತೆ ಮೂಗಿನೊಳಗೆ ಜೋತುಬೀಳುವುದು. ಈ ಉರಿಯೂತದಲ್ಲಿ ಹೆಚ್ಚಾಗಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಸೇರಿಕೊಳ್ಳುತ್ತವೆ; ಅಲರ್ಜಿಯಲ್ಲಿ ಕಾಣುವುದೂ ಅವೇ ಕಣಗಳಾದ್ದರಿಂದ ಎರಡೂ ಒಂದೇ ಕಾಯಿಲೆ ಎಂಬ ಭಾವನೆ ಬಲವಾಗಿ ಬೇರೂರಿದೆ. ಆದರೆ ಅಲರ್ಜಿ ನೆಗಡಿ ಇರುವವರಲ್ಲಿ ಪಾಲಿಪ್ ಬೆಳೆಯುವುದು ಶೇ 5ಕ್ಕಿಂತ ಕಡಿಮೆ ಜನರಿಗೆ, ಮತ್ತು ಪಾಲಿಪ್ ಇರುವ ಅನೇಕರಲ್ಲಿ ಪರೀಕ್ಷೆ ಮಾಡಿದರೂ ಯಾವ ಅಲರ್ಜಿಯೂ ಸಿಗುವುದಿಲ್ಲ. ಸೈನಸ್‌ನಲ್ಲಿ ಶಿಲೀಂಧ್ರಕ್ಕೆ ಅಲರ್ಜಿಯಾಗಿ ಅಂಟಂಟಾದ ದಪ್ಪ ಲೋಳೆ ಕಟ್ಟಿಕೊಳ್ಳುವಂಥ ಕೆಲವು ಬಗೆಗಳಲ್ಲಿ ಮಾತ್ರ ನಂಟು ಗಟ್ಟಿಯಾಗಿದೆ. ಉಳಿದವರಲ್ಲಿ ಅಲರ್ಜಿಯು ಇರುವ ತೊಂದರೆಯನ್ನು ಹೆಚ್ಚಿಸಬಹುದು, ಆದರೆ ಅದನ್ನೇ ಮೂಲ ಎನ್ನಲಾಗದು.

ಹಾಗೆಂದು ನಿಮ್ಮ ಕಸುಬಿನಲ್ಲಿ ಅಲರ್ಜಿಯೇ ಇಲ್ಲವೆಂದಲ್ಲ. ಗೂಡು ಬೇಯಿಸುವಾಗ ಏಳುವ ಹಬೆಯಲ್ಲಿ ಮತ್ತು ಒಣಗಿದ ಕೋಶದ (ಗೂಡಿನೊಳಗಿನ ಹುಳುವಿನ) ಪುಡಿಯಲ್ಲಿ ಇರುವ ಪ್ರೋಟೀನ್‌ಗಳಿಂದ ಸೀನು, ಕಣ್ಣು ಕೆರೆತ, ಉಬ್ಬಸ ಬರುವುದು ತಿಳಿದ ಸಂಗತಿಯೇ. ಬಿಡುವಿನ ದಿನಗಳಲ್ಲಿ ಅಥವಾ ಬೇರೆ ಊರಿಗೆ ಹೋದಾಗ ಸೀನು ಇಳಿದು, ಒಲೆಯ ಮುಂದೆ ಕುಳಿತೊಡನೆ ಮತ್ತೆ ಶುರುವಾಗುತ್ತದೆಯೇ ಎಂದು ನೋಡಿ. ಹಾಗಿದ್ದರೆ ಚರ್ಮದ ಪರೀಕ್ಷೆಯಿಂದ ಉಪಯೋಗವಿದೆ. ಅದಕ್ಕೆ ಸುಮಾರು ಒಂದು ವಾರ ಮುಂಚೆ ಅಲರ್ಜಿ ಮಾತ್ರೆಯನ್ನು ವೈದ್ಯರನ್ನು ಕೇಳಿ ನಿಲ್ಲಿಸಬೇಕು. ಹಬೆ ಹೊರಹೋಗಲು ವ್ಯವಸ್ಥೆ ಮಾಡುವುದು, ಮಾಸ್ಕ್ ಧರಿಸುವುದು, ಬೇಯಿಸುವ ಕೆಲಸವನ್ನು ಬೇರೆಯವರಿಗೆ ವಹಿಸುವುದು, ಇಷ್ಟರಿಂದಲೇ ಸೀನು ಎಷ್ಟೋ ಹತೋಟಿಗೆ ಬರಬಹುದು. ಆದರೆ ಈಗಾಗಲೇ ಬೆಳೆದ ಪಾಲಿಪ್ ಅದರಿಂದ ಕರಗುತ್ತದೆಂದು ನಾನು ಭರವಸೆ ಕೊಡಲಾರೆ.

ಅಲರ್ಜಿ ಮಾತ್ರೆ ಸೀನನ್ನು ತಡೆಯುತ್ತದೆ, ಪಾಲಿಪ್ಪನ್ನು ಕುಗ್ಗಿಸುವುದಿಲ್ಲ. ಕುಗ್ಗಿಸುವುದು ಮೊಮೆಟಾಸೋನ್, ಫ್ಲುಟಿಕಾಸೋನ್‌ನಂಥ ಸ್ಟೀರಾಯ್ಡ್ ಸ್ಪ್ರೇ. ಸ್ಟೀರಾಯ್ಡ್ ಎಂಬ ಹೆಸರಿಗೇ ಹೆದರಿ, ಆಪರೇಷನ್ ಆದ ಕೆಲವೇ ತಿಂಗಳಲ್ಲಿ ಅದನ್ನು ನಿಲ್ಲಿಸಿಬಿಡುವವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ, ಏಕೆಂದರೆ ಈ ಔಷಧಗಳು ರಕ್ತಕ್ಕೆ ಸೇರುವುದು ಅತ್ಯಲ್ಪ, ಮತ್ತು ಪಾಲಿಪ್ ಮರಳಿ ಬೆಳೆಯದಂತೆ ತಡೆಯಲು ನಮ್ಮಲ್ಲಿರುವ ಮುಖ್ಯ ಸಾಧನ ಅದೇ. ಆಪರೇಷನ್ ದಾರಿಯನ್ನು ತೆರೆದು ಕೊಡುತ್ತದೆಯೇ ಹೊರತು ಉರಿಯೂತದ ಸ್ವಭಾವವನ್ನು ಬದಲಿಸುವುದಿಲ್ಲ. ಕುದಿಸಿ ಆರಿಸಿದ ಉಪ್ಪುನೀರಿನಿಂದ ಮೂಗು ತೊಳೆದು, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ, ಮೂಗಿನ ನಡುಗೋಡೆಗೆ ತಾಗದಂತೆ ಹೊರಬದಿಗೆ ಸ್ಪ್ರೇ ಮಾಡಿಕೊಳ್ಳಬೇಕು. ಗುಣ ಕಾಣಲು ವಾರಗಳೇ ಬೇಕಾಗುತ್ತವೆ. ರಾತ್ರಿಯ ಡ್ರಾಪ್ಸ್ ಆಕ್ಸಿಮೆಟಾಜೊಲಿನ್ ಅಥವಾ ಕ್ಸೈಲೊಮೆಟಾಜೊಲಿನ್ ಆಗಿದ್ದರೆ ಅದನ್ನು ಬಿಡಿಸಲೇಬೇಕು. ಒಂದು ವಾರ ಮೀರಿ ಬಳಸಿದರೆ ಆ ಡ್ರಾಪ್ಸೇ ಮೂಗನ್ನು ಕಟ್ಟಿಸುತ್ತದೆ.

ಒಂದು ಮಾತು ಕೇಳಬೇಕು: ಅಣ್ಣನವರಿಗೆ ಉಬ್ಬಸ ಇದೆಯೇ? ನೋವಿನ ಮಾತ್ರೆ ನುಂಗಿದಾಗ ಉಸಿರು ಕಟ್ಟಿದ್ದುಂಟೇ?

ಪ್ರಶ್ನೆ: ಇನ್‌ಹೇಲರ್ ಬಳಸುತ್ತಾರೆ ಸರ್. ಹಲ್ಲುನೋವಿಗೆ ಅಂಗಡಿಯಲ್ಲಿ ಡೈಕ್ಲೊಫೆನಾಕ್ ತಂದು ನುಂಗಿದಾಗ ಒಂದು ಗಂಟೆಯೊಳಗೆ ಮೂಗು ಸುರಿದು, ದಮ್ಮು ಹತ್ತಿ, ರಾತ್ರಿ ಆಸ್ಪತ್ರೆಗೆ ಓಡಿದೆವು. ಧೂಳಿನಿಂದ ಎಂದುಕೊಂಡಿದ್ದೆವು.

ಉತ್ತರ: ಇದನ್ನು ಹೇಳಿದ್ದು ಬಹಳ ಒಳ್ಳೆಯದಾಯಿತು. ಪಾಲಿಪ್, ಉಬ್ಬಸ ಮತ್ತು ಆಸ್ಪಿರಿನ್ ವರ್ಗದ ಮಾತ್ರೆಗಳು ಒಗ್ಗದಿರುವುದು ಒಟ್ಟಿಗೆ ಬರುವ ಕಾಯಿಲೆಯೊಂದಿದೆ. 1922ರಲ್ಲೇ ಫ್ರಾನ್ಸಿನ ವೈದ್ಯರು ಇದನ್ನು ವರ್ಣಿಸಿದ್ದರು. 1968ರ ನಂತರ ಸ್ಯಾಮ್ಟರ್ ಎಂಬ ವೈದ್ಯರ ಹೆಸರಿನಿಂದ ಹೆಚ್ಚು ಪರಿಚಿತವಾಯಿತು. ಇದು ಸಾಮಾನ್ಯ ಅರ್ಥದ ಅಲರ್ಜಿಯಲ್ಲ, ಆದ್ದರಿಂದ ಚರ್ಮದ ಪರೀಕ್ಷೆಯಲ್ಲಿ ಸಿಗುವುದೂ ಇಲ್ಲ. ಇಂಥವರಲ್ಲಿ ಆಪರೇಷನ್ ನಂತರವೂ ಪಾಲಿಪ್ ಬೇಗ ಮರಳುತ್ತದೆ. ನೋಡದೆ ನಾನು ಖಚಿತ ಹೇಳಲಾರೆ, ಆದರೆ ಈಗಿನಿಂದಲೇ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಟ್ಟಬಾರದು; ಸಾಮಾನ್ಯ ಪ್ರಮಾಣದ ಪ್ಯಾರಸಿಟಮಾಲ್ ಹೆಚ್ಚಿನವರಿಗೆ ಒಗ್ಗುತ್ತದೆ, ಅದನ್ನೂ ವೈದ್ಯರನ್ನು ಕೇಳಿಯೇ ಕೊಡಿ. ಹೃದಯಕ್ಕೆಂದು ಯಾರಾದರೂ ಆಸ್ಪಿರಿನ್ ಬರೆದಿದ್ದರೆ ಅವರಿಗೆ ಇಂದೇ ತಿಳಿಸಿ. ಈ ವಾರವೇ ಮೂಗಿನ ತಜ್ಞರನ್ನೂ ಶ್ವಾಸಕೋಶ ತಜ್ಞರನ್ನೂ ಕಂಡು, ಹಳೆಯ ಸಿ.ಟಿ. ಸ್ಕ್ಯಾನ್, ಆಪರೇಷನ್‌ನ ಬಯಾಪ್ಸಿ ವರದಿ ಮತ್ತು ಆ ರಾತ್ರಿಯ ಆಸ್ಪತ್ರೆ ಚೀಟಿಯನ್ನು ಜೊತೆಯಲ್ಲಿ ಒಯ್ಯಿರಿ.