ಎಡಕ್ಕಿದ್ದ ಕ್ಲೋಸ್ ಬಟನ್ ಬಲಕ್ಕೆ ಹೋಯಿತು, ಅಪ್ಪನಿಗೆ ಸಿಟ್ಟು ಬಂತು

ಪ್ರಶ್ನೆ, ಸಾಗರದಿಂದ

ಎಲ್ಲರಿಗೂ ನಮಸ್ಕಾರ. ಊರಲ್ಲಿ ನಮ್ಮದೊಂದು ಸಣ್ಣ ಜೆರಾಕ್ಸ್, ಟೈಪಿಂಗ್ ಅಂಗಡಿ ಇದೆ. ಅಪ್ಪ ನೋಡಿಕೊಳ್ಳುತ್ತಾರೆ. ಅಲ್ಲಿನ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್‌ನ ಹಳೇ ಆವೃತ್ತಿ, 16.04 ಇತ್ತು. ಅರ್ಧಕ್ಕರ್ಧ ವೆಬ್‌ಸೈಟ್ ತೆರೆಯೋದೇ ನಿಂತಾಗ, ಹೋದ ವಾರ ಹೋಗಿ 24.04 ಹಾಕಿಕೊಟ್ಟು ಬಂದೆ. ಅವತ್ತಿನಿಂದ ದಿನಕ್ಕೆ ನಾಲ್ಕು ಫೋನು. ಕ್ಲೋಸ್ ಬಟನ್ ಎಡಗಡೆ ಇದ್ದದ್ದು ಬಲಗಡೆ ಹೋಗಿದೆ. ಪರದೆಯ ನೆತ್ತಿ ಮೇಲೆ ಇರುತ್ತಿದ್ದ ಫೈಲ್, ಎಡಿಟ್ ಮೆನು ಕಾಣುತ್ತಿಲ್ಲ. "ಚೆನ್ನಾಗಿದ್ದಿದ್ದನ್ನ ಯಾಕೆ ಹಾಳು ಮಾಡಿದೆ?" ಅಂತಾರೆ. ಹಳೆಯದನ್ನೇ ವಾಪಸ್ ಹಾಕಲಾ, ಇಲ್ಲ ಒಗ್ಗಲಿ ಅಂತ ಬಿಡಲಾ? ಇದನ್ನು ದಾಟಿ ಬಂದವರು ಹೇಳಿ.

ಮೈಸೂರಿನಿಂದ

ಹಳೆಯದನ್ನು ಮಾತ್ರ ಹಾಕಬೇಡಿ. 16.04ರ ಮಾಮೂಲಿ ಬೆಂಬಲ 2021ರ ಏಪ್ರಿಲ್‌ನಲ್ಲೇ ಮುಗಿದಿದೆ. ಜನರ ಆಧಾರ್ ಪ್ರತಿ, ಪಾಸ್‌ಬುಕ್ ಪ್ರತಿ ಓಡಾಡುವ ಕಂಪ್ಯೂಟರ್ ಅದು.

ಅಪ್ಪನ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತದೆ. 2010ರಲ್ಲಿ ಇದೇ ಬಟನ್‌ಗಳನ್ನು ಉಬುಂಟು ಬಲದಿಂದ ಎಡಕ್ಕೆ ತಳ್ಳಿದಾಗ ನಾವೆಲ್ಲ ಹೀಗೇ ಕೂಗಾಡಿದ್ದೆವು. ಅಪ್ಪನ ಹಳೆಯದರಲ್ಲಿದ್ದದ್ದು ಯೂನಿಟಿ ಎಂಬ ಡೆಸ್ಕ್‌ಟಾಪ್, ಅಂದರೆ ಪರದೆಯ ಮೇಲಿನ ಪಟ್ಟಿ, ಮೆನು, ವಿಂಡೋಗಳ ಏರ್ಪಾಡು. 2017ರಲ್ಲಿ ಉಬುಂಟುವಿನವರು ಅದನ್ನು ಬಿಟ್ಟು ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್‌ಗೆ ಮರಳಿದಾಗ ಮತ್ತೆ ಬಲಕ್ಕೆ ತಂದರು. ಅಷ್ಟರಲ್ಲಿ ನಮಗೆ ಎಡವೇ ರೂಢಿಯಾಗಿತ್ತು, ಮತ್ತೊಮ್ಮೆ ಕೂಗಾಡಿದೆವು! ಕಣ್ಣಿಗೆ ಹೊಸದು ಇಷ್ಟವಾಗುತ್ತದೆ, ಜಗಳ ತೆಗೆಯೋದು ಕೈ. ಕೈ ತಾನಾಗಿಯೇ ಹಳೇ ಜಾಗಕ್ಕೆ ಹೋಗುತ್ತದೆ, ಅಲ್ಲಿ ಏನೂ ಇರೋದಿಲ್ಲ, ತಲೆ ಕೆಡುತ್ತದೆ.

ನಿಜವಾಗಿ ದೊಡ್ಡ ಗಲಾಟೆ ಆಗಿದ್ದು 2011ರ ಏಪ್ರಿಲ್‌ನಲ್ಲಿ, ಗ್ನೋಮ್ 3 ಬಂದಾಗ. ಕೆಳಗಿನ ಪಟ್ಟಿ ಇಲ್ಲ, ಮಿನಿಮೈಸ್ ಬಟನ್ ಇಲ್ಲ. ಮೆನು ತೆರೆದರೆ ಸಸ್ಪೆಂಡ್ ಮಾತ್ರ ಕಾಣುತ್ತಿತ್ತು, ಆಲ್ಟ್ ಒತ್ತಿ ಹಿಡಿದರಷ್ಟೇ ಅದೇ ಸಾಲು ಪವರ್ ಆಫ್ ಆಗುತ್ತಿತ್ತು. ಇದನ್ನು ಯಾರು ಊಹಿಸುತ್ತಾರೆ ಹೇಳಿ? ನಮ್ಮ ಮಾವ ಮೂರು ವಾರ ಗೋಡೆಯ ಸ್ವಿಚ್ಚನ್ನೇ ಆರಿಸಿ ಎದ್ದು ಹೋಗುತ್ತಿದ್ದರು. ಆಮೇಲಿನ ಆವೃತ್ತಿಗಳಲ್ಲಿ ಪವರ್ ಆಫ್ ವಾಪಸ್ ಬಂತು. ಎಲ್ಲ ದೂರೂ ಬರೀ ಹಠ ಅಲ್ಲ ಅನ್ನೋದಕ್ಕೆ ಹೇಳಿದೆ.

ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದ ಲಿನಸ್ ಟೊರ್ವಾಲ್ಡ್ಸ್ ಕೂಡ ಬಾಡಿಗೆ ಮನೆ ಬದಲಿಸಿದ ಹಾಗೆ ಓಡಾಡಿದ್ದಾರೆ. ಕೆಡಿಇ 4 ಎಂಬ ಡೆಸ್ಕ್‌ಟಾಪ್ ಸರಿ ಬರದೆ ಗ್ನೋಮ್‌ಗೆ ಬಂದರು, ಗ್ನೋಮ್ 3 ನೋಡಿ ಬೈದು ಎಕ್ಸ್‌ಎಫ್‌ಸಿಇ ಎಂಬ ಮತ್ತೊಂದಕ್ಕೆ ಹೋದರು, ಕೆಲ ಸಮಯದ ಮೇಲೆ ಗ್ನೋಮ್‌ಗೇ ಮರಳಿದರು. ಕರ್ನಲ್ ಬರೆದವರಿಗೇ ಹೀಗಾದರೆ ಅಂಗಡಿಯವರಿಗೆ ಆಗಬಾರದೇ?

ಈಗ ಕೆಲಸದ ಮಾತು. 'ಟ್ವೀಕ್ಸ್' ಎಂಬ ಸಣ್ಣ ತಂತ್ರಾಂಶ ಹಾಕಿ. ಅದರಲ್ಲಿ ವಿಂಡೋ ಬಟನ್‌ಗಳನ್ನು ಎಡಕ್ಕೆ ಇಡುವ ಆಯ್ಕೆ ಇದೆ, ಒಂದು ಕ್ಲಿಕ್. ಅಪ್ಪನ ಅರ್ಧ ಫೋನು ಅಲ್ಲಿಗೇ ನಿಲ್ಲುತ್ತದೆ. ಮೆನು ಎಲ್ಲೂ ಹೋಗಿಲ್ಲ, ಆಯಾ ವಿಂಡೋದ ಒಳಗೇ ಇದೆ. ಅದಕ್ಕೆ ಎರಡು ವಾರ ಕೊಡಿ.

ಹುಬ್ಬಳ್ಳಿಯಿಂದ

ನನ್ನ ತಪ್ಪು ನೀವು ಮಾಡಬೇಡಿ. ಗ್ನೋಮ್ ಹಳೆಯದರ ಹಾಗೇ ಕಾಣಬೇಕು ಅಂತ ಹನ್ನೊಂದು ಎಕ್ಸ್‌ಟೆನ್ಷನ್ (ಡೆಸ್ಕ್‌ಟಾಪಿಗೆ ಅಂಟಿಸುವ ಸಣ್ಣ ಸೇರ್ಪಡೆಗಳು) ಹಾಕಿದ್ದೆ. ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು, ಏನೇನೋ. ಆರು ತಿಂಗಳು ರಾಜನ ಹಾಗಿದ್ದೆ. 2023ರಲ್ಲಿ ಗ್ನೋಮ್ 45 ಬಂತು. ಎಕ್ಸ್‌ಟೆನ್ಷನ್ ಬರೆಯುವ ರೀತಿಯೇ ಬದಲಾದ್ದರಿಂದ ಹಳೆಯ ಯಾವುದೂ ಹಾಗೇ ಓಡುವಂತಿರಲಿಲ್ಲ. ಒಂದೊಂದನ್ನೂ ಬರೆದವರು ತಿದ್ದಿ ಕೊಡಬೇಕಿತ್ತು. ಅಪ್‌ಡೇಟ್ ಆದ ಬೆಳಿಗ್ಗೆ ನೋಡಿದರೆ ಹನ್ನೊಂದೂ ಮಲಗಿದ್ದವು, ಪರದೆ ಬೋಳಾಗಿತ್ತು. ಅವತ್ತೇ ಜಿಎಸ್‌ಟಿ ಕೊನೇ ದಿನ!

ಮಿಂಟ್ ಎಂಬ ಇನ್ನೊಂದು ಲಿನಕ್ಸ್‌ನವರೂ ಮೊದಲು ಇದನ್ನೇ ಮಾಡಿದ್ದರು. 2011ರ ಮಿಂಟ್ 12ರಲ್ಲಿ ಗ್ನೋಮ್ 3ರ ಮೇಲೆ ತಮ್ಮದೇ ಎಕ್ಸ್‌ಟೆನ್ಷನ್ ಹಾಕಿ ಕೊಟ್ಟರು. ಅದು ಸಾಲದೆ ಸಿನಮನ್ ಅನ್ನೋ ಬೇರೆ ಡೆಸ್ಕ್‌ಟಾಪನ್ನೇ ಕಟ್ಟಿದರು. ಒಂದೆರಡು ಬದಲಾವಣೆಗೆ ಎಕ್ಸ್‌ಟೆನ್ಷನ್ ಸಾಕು. ಹತ್ತು ಬೇಕು ಅನ್ನಿಸಿದರೆ ಡೆಸ್ಕ್‌ಟಾಪೇ ಬೇರೆ ಹಾಕಿಕೊಳ್ಳಿ. ನಾನೀಗ ಸಿನಮನ್‌ನಲ್ಲಿದ್ದೇನೆ.

ಬೆಂಗಳೂರಿನಿಂದ

ಕೆಡಿಇ ಪ್ಲಾಸ್ಮಾ ನೋಡಿ. ಮೆನು ಪರದೆಯ ಮೇಲ್ಪಟ್ಟಿಗೆ ಬರುವ ವಿಜೆಟ್ ಅದರಲ್ಲೇ ಇದೆ. ಬಟನ್‌ಗಳನ್ನು ಎಳೆದು ಎಲ್ಲಿ ಬೇಕೋ ಅಲ್ಲಿ ಇಡಬಹುದು. ಆದರೆ ಸೆಟ್ಟಿಂಗ್ಸ್ ಸಮುದ್ರ. ಅಪ್ಪ ಅದರೊಳಗೆ ಇಳಿಯದ ಹಾಗೆ ನೋಡಿಕೊಳ್ಳಿ.

ಕಾಸರಗೋಡಿನಿಂದ

ನಾನು ಕನ್ನಡ ಮಾಧ್ಯಮ ಶಾಲೆಯ ಶಿಕ್ಷಕಿ. ಕೇರಳದ ಶಾಲೆಗಳಲ್ಲಿ ಉಬುಂಟು ಆಧರಿಸಿದ ಕೈಟ್ ಗ್ನೂ ಲಿನಕ್ಸ್ ಇದೆ, ಹಾಗಾಗಿ ನಮ್ಮ ಮಕ್ಕಳಿಗೆ ಲಿನಕ್ಸೇ ಕಂಪ್ಯೂಟರ್. ಹೊಸ ಆವೃತ್ತಿ ಬಂದಾಗೆಲ್ಲ ನಾನು ಐಕಾನ್ ಹುಡುಕುತ್ತಾ ನಿಂತಿರುತ್ತೇನೆ, ಐದನೇ ಕ್ಲಾಸಿನ ಹುಡುಗರು ಆಗಲೇ ಚಿತ್ರ ಬಿಡಿಸುತ್ತಿರುತ್ತಾರೆ. ಅವರು ಹುಡುಕೋದೇ ಇಲ್ಲ, ಹೆಸರು ಟೈಪ್ ಮಾಡುತ್ತಾರೆ. ನಾನೂ ಅವರಿಂದಲೇ ಕಲಿತೆ. ಸೂಪರ್ ಕೀ (ವಿಂಡೋಸ್ ಗುರುತಿನದು) ಒತ್ತಿ ತಂತ್ರಾಂಶದ ಮೊದಲ ಮೂರು ಅಕ್ಷರ ಹೊಡೆಯಿರಿ, ಎಂಟರ್ ಒತ್ತಿ. ಯೂನಿಟಿಯಲ್ಲೂ ಇದು ಹೀಗೇ ಇತ್ತು, ಈಗಲೂ ಹೀಗೇ ಇದೆ. ಅಪ್ಪನವರಿಗೆ ಮೊದಲು ಬದಲಾಗದ್ದನ್ನು ತೋರಿಸಿ.

ಅಂದಹಾಗೆ ಟೈಪಿಂಗ್ ಸರಿ ಇದೆಯಾ? ಅಂಗಡಿಯ ಅನ್ನ ಅಲ್ಲಿದೆ. ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ ಕನ್ನಡದ ಕಗಪ ವಿನ್ಯಾಸ ಸೇರಿಸಿದರೆ ಸಾಕು. ಸೂಪರ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ.

ಮೈಸೂರಿನಿಂದ ಮತ್ತೆ

ಮೇಡಂ ಹೇಳಿದ್ದು ಸರಿ. ಇನ್ನೊಂದು ಮರೆತಿದ್ದೆ. ಎರಡು ವಾರ ಕಳೆದರೂ ಅಪ್ಪ ಬೈಯುತ್ತಲೇ ಇದ್ದರೆ ಪೂರ್ತಿ ಅಳಿಸಿ ಹಾಕಬೇಕಾಗಿಲ್ಲ. ಅದೇ ಉಬುಂಟುವಿನ ಮೇಲೆ ಮಾಟೆ ಅಥವಾ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಸೇರಿಸಬಹುದು. ಲಾಗಿನ್‌ನಲ್ಲಿ ಹೆಸರು ಆರಿಸಿದ ಮೇಲೆ ಕೆಳಗೆ ಬಲಮೂಲೆಯಲ್ಲಿ ಹಲ್ಲುಚಕ್ರದ ಗುರುತು ಬರುತ್ತದೆ, ಯಾವುದು ಬೇಕೋ ಅಲ್ಲಿ ಆರಿಸಬಹುದು. ಯೂನಿಟಿಯೇ ಬೇಕೆಂದು ಹಠ ಹಿಡಿದವರಿಗೆ 'ಉಬುಂಟು ಯೂನಿಟಿ' ಕೂಡ ಇದೆ, 2022ರಲ್ಲಿ ಅದು ಉಬುಂಟುವಿನ ಅಧಿಕೃತ ಬಳಗಕ್ಕೆ ಸೇರಿತು. ಅಂಗಡಿಗೆ ನಾನಾದರೆ ಅದನ್ನು ಹಾಕುವುದಿಲ್ಲ. ಕೆಲಸ ಮಾಡುವ ಕೈ ಕಡಿಮೆ ಇರುವ ಯೋಜನೆ ಅಂತ ಒಂದು ಅಳುಕು.

ಸಾಗರದಿಂದ

ಎಲ್ಲರಿಗೂ ಧನ್ಯವಾದ. ಭಾನುವಾರ ಊರಿಗೆ ಹೋಗಿ ಟ್ವೀಕ್ಸ್ ಹಾಕಿದೆ, ಬಟನ್ ಎಡಕ್ಕೆ ಬಂತು. ಅಪ್ಪ ಒಂದು ಫೈಲು ತೆರೆದರು, ಮುಚ್ಚಿದರು, ಮತ್ತೆ ತೆರೆದು ಮತ್ತೆ ಮುಚ್ಚಿದರು. "ಹ್ಞಾಂ" ಅಂದರು. ಮೆನು ಬಗ್ಗೆ ಆಮೇಲೆ ಕೇಳಲೇ ಇಲ್ಲ. ಕಗಪ ಸರಿ ಇದೆ.

ಈಗ ಫೋನು ಮಾಡುವುದು ಅಂಗಡಿಗೆ ಕೆಲಸಕ್ಕೆ ಬರುವ ಹುಡುಗಿ. ಅವಳಿಗೆ ಕಾಲೇಜಿನಲ್ಲಿ ವಿಂಡೋಸ್ ರೂಢಿ, ಬಟನ್ ಬಲಕ್ಕೇ ಬೇಕಂತೆ. ಇಬ್ಬರಿಗೂ ಬೇರೆ ಬೇರೆ ಖಾತೆ ಮಾಡಿಕೊಟ್ಟಿದ್ದೇನೆ.